ಗೋಲ್ ಹೊಡೆಯೋದಲ್ಲ, ಹೊಡೆಸೋದು: ಐಸ್ ಇಲ್ಲದ ಊರಲ್ಲಿ ಸೆಂಟರ್ ಆಗಿ ಆಡಿದ್ದು

ನಾನು ಇನ್‌ಲೈನ್ ಹಾಕಿ ಆಡುತ್ತೇನೆ. ಅಂದರೆ ಐಸ್ ಹಾಕಿಯನ್ನೇ ಚಕ್ರದ ಶೂ ಹಾಕಿಕೊಂಡು ಸಿಮೆಂಟಿನ ಮೇಲೆ ಆಡೋದು. ನನ್ನ ಜಾಗ ಸೆಂಟರ್, ಅಂದರೆ ಮುಂದಿನ ಸಾಲಿನ ನಡುವಿನವನು; ಎಡಬಲದಲ್ಲಿ ಆಡೋರಿಗೆ ವಿಂಗರ್ ಅನ್ನುತ್ತಾರೆ. ಬೆಂಗಳೂರಿನಲ್ಲಿ ಇದನ್ನು ಹೇಳಿದ ತಕ್ಷಣ ಎರಡು ಪ್ರಶ್ನೆ ಬರುತ್ತವೆ. ಇಲ್ಲಿ ಐಸ್ ಎಲ್ಲಿದೆ ಗುರು? ಅದಾದ ಮೇಲೆ, ಎಷ್ಟು ಗೋಲ್ ಹೊಡೆದಿದ್ದೀಯಾ? ಎರಡನೆಯದಕ್ಕೆ ನಿಜ ಹೇಳಿದರೆ ಜನ ಪಾಪ ಅನ್ನೋ ಮುಖ ಮಾಡಿ ಕ್ರಿಕೆಟ್ ವಿಷಯಕ್ಕೆ ಹೋಗಿಬಿಡುತ್ತಾರೆ. ನನ್ನ ಹೆಸರಲ್ಲಿ ಗೋಲ್ ತೀರಾ ಕಮ್ಮಿ. ನನ್ನ ಪಕ್ಕ ಆಡಿದವರ ಹೆಸರಲ್ಲಿ ಜಾಸ್ತಿ ಇವೆ, ಅದೇ ನನ್ನ ಕೆಲಸ.

ಈ ಕೆಲಸ ಕಲಿಸಿದ್ದು ಯಾವ ಕೋಚೂ ಅಲ್ಲ. ಇಲ್ಲಿ ಸ್ಕೇಟಿಂಗ್ ಕ್ಲಾಸ್ ಬೇಕಾದಷ್ಟಿವೆ, ಆದರೆ ಮುಕ್ಕಾಲು ಪಾಲು ಸ್ಪೀಡ್ ಸ್ಕೇಟಿಂಗ್. ಹಾಕಿಯವರಿಗೆ ಸಿಗೋದು ಬೆಳಗಿನ ಜಾವ, ಇಲ್ಲಾಂದ್ರೆ ಮಕ್ಕಳೆಲ್ಲ ಮನೆಗೆ ಹೋದ ಮೇಲೆ ರಾತ್ರಿ. ನಾನು ಕಲಿತಿದ್ದು ಮುಖ್ಯವಾಗಿ ಒಬ್ಬ ಮನುಷ್ಯನ ಹಳೇ ವಿಡಿಯೋ ನೋಡಿ. ಆಡಮ್ ಓಟ್ಸ್, ಐಸ್ ಹಾಕಿಯ ಸೆಂಟರ್.

ಗ್ರೆಟ್ಸ್ಕಿ ಹೆಸರು ಎಲ್ಲರೂ ಕೇಳಿರುತ್ತೀರಿ. ಎನ್‌ಎಚ್‌ಎಲ್ ಅನ್ನೋ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್‌ನಲ್ಲಿ 1,963 ಅಸಿಸ್ಟ್, ಅಂದರೆ ಗೋಲ್‌ಗೆ ದಾರಿ ಮಾಡಿಕೊಟ್ಟ ಪಾಸ್. ಅವನ 894 ಗೋಲ್ ಪಕ್ಕಕ್ಕಿಟ್ಟು ಬರೀ ಅಸಿಸ್ಟ್ ಲೆಕ್ಕ ಹಾಕಿದರೂ ಬೇರೆ ಯಾರ ಗೋಲ್, ಅಸಿಸ್ಟ್ ಸೇರಿದ ಒಟ್ಟು ಪಾಯಿಂಟೂ ಅವನನ್ನು ಮುಟ್ಟೋದಿಲ್ಲ. ಅವನನ್ನು ನೋಡಿ ಬೆರಗಾಗಬಹುದು, ಕಲಿಯೋಕೆ ಆಗಲ್ಲ. ಓಟ್ಸ್ ಹಾಗಲ್ಲ. ಅವನನ್ನು ಡ್ರಾಫ್ಟ್‌ನಲ್ಲಿ ಒಬ್ಬರೂ ಆರಿಸಲಿಲ್ಲ. ಅಲ್ಲಿ ಪ್ರತಿ ವರ್ಷ ತಂಡಗಳು ಸಾಲಾಗಿ ಕೂತು ಹದಿನೆಂಟು ಹತ್ತೊಂಬತ್ತರ ಹುಡುಗರನ್ನು ಆರಿಸಿಕೊಳ್ಳುತ್ತವೆ, ನೂರಾರು ಹೆಸರು ಹೋಗುತ್ತವೆ, ಅದರಲ್ಲಿ ಇವನ ಹೆಸರೇ ಬರಲಿಲ್ಲ. ಕಾಲೇಜಿಗೆ ಹೋದ, 1985ರಲ್ಲಿ ಆ ಕಾಲೇಜು ತಂಡ ಅಮೆರಿಕದ ಕಾಲೇಜು ಚಾಂಪಿಯನ್ ಆಯಿತು, ಆಮೇಲೆ ಡೆಟ್ರಾಯ್ಟ್ ತಂಡ ಕರೆದುಕೊಂಡಿತು. 1989ರಲ್ಲಿ ಅವರೇ ಸೇಂಟ್ ಲೂಯಿಸ್‌ಗೆ ಕೊಟ್ಟುಬಿಟ್ಟರು. ಅಲ್ಲಿ ಬಲಗಡೆ ಇದ್ದವನು ಬ್ರೆಟ್ ಹಲ್.

1990-91ರ ಸೀಸನ್‌ನಲ್ಲಿ ಹಲ್ 86 ಗೋಲ್ ಹೊಡೆದ. ಒಂದು ಸೀಸನ್‌ನಲ್ಲಿ ಅದಕ್ಕಿಂತ ಜಾಸ್ತಿ ಹೊಡೆದಿರೋದು ಗ್ರೆಟ್ಸ್ಕಿ ಮಾತ್ರ, ಎರಡು ಸಲ. ಅದೇ ಸೀಸನ್‌ನಲ್ಲಿ ಓಟ್ಸ್ ಆಡಿದ್ದು 61 ಪಂದ್ಯ, ಅಸಿಸ್ಟ್ 90. ಆಮೇಲೆ ಬಾಸ್ಟನ್‌ಗೆ ಹೋದ, ಅಲ್ಲಿ ಕ್ಯಾಮ್ ನೀಲಿ ಅನ್ನೋ ರೈಟ್ ವಿಂಗರ್ ಕೆಟ್ಟ ಮಂಡಿ ಇಟ್ಟುಕೊಂಡೇ 1993-94ರಲ್ಲಿ ತನ್ನ 44ನೇ ಪಂದ್ಯದಲ್ಲಿ 50ನೇ ಗೋಲ್ ಹೊಡೆದ. ಆಮೇಲೆ ವಾಷಿಂಗ್ಟನ್, ಅಲ್ಲಿ ಪೀಟರ್ ಬಾಂಡ್ರಾ 52. ಮೂರು ಊರು, ಮೂರು ವಿಂಗರ್, ಮೂವರೂ ಐವತ್ತು ಮುಟ್ಟಿದವರು, ನಡುವೆ ಇದ್ದವನು ಒಬ್ಬನೇ. 2001-02ರಲ್ಲಿ, 39ರ ವಯಸ್ಸಿನಲ್ಲಿ, ಇಡೀ ಲೀಗ್‌ನಲ್ಲೇ ಅತಿ ಹೆಚ್ಚು ಅಸಿಸ್ಟ್ ಅವನದೇ. ಕಾಲಿನ ವೇಗ ನಂಬಿಕೊಂಡವನಿಗೆ ಇದು ಆಗೋ ಮಾತಲ್ಲ. ಕೊನೆಗೆ 1,079 ಅಸಿಸ್ಟ್, 2012ರಲ್ಲಿ ಹಾಲ್ ಆಫ್ ಫೇಮ್. ಲೀಗ್ ಗೆದ್ದವರಿಗೆ ಕೊಡೋ ಸ್ಟ್ಯಾನ್ಲಿ ಕಪ್ ಮಾತ್ರ ಸಿಗಲಿಲ್ಲ, 1998 ಮತ್ತು 2003ರಲ್ಲಿ ಫೈನಲ್ ತನಕ ಹೋಗಿ ಎರಡೂ ಸಲ ಸೋತ.

ನನಗೆ ಅವನು ಹಿಡಿಸಿದ್ದಕ್ಕೆ ಇನ್ನೊಂದು ಕಾರಣ ಇದೆ. ಅವನು ರೈಟ್ ಶಾಟ್, ನಾನೂ ರೈಟ್ ಶಾಟ್. ನಾನು ಚಿಕ್ಕಂದಿನಲ್ಲಿ ಆಡಿದ್ದು ಮೈದಾನದ ಹಾಕಿ. ಅದರಲ್ಲಿ ಎಡಗೈ ಮೇಲೆ, ಬಲಗೈ ಕೆಳಗೆ, ಬೇರೆ ದಾರಿನೇ ಇಲ್ಲ, ಎಡಗೈ ಸ್ಟಿಕ್ ಅಂತ ಒಂದು ಇಲ್ಲವೇ ಇಲ್ಲ. ಅದೇ ಹಿಡಿತವನ್ನು ಇಲ್ಲಿಗೆ ತಂದರೆ ಅದು ರೈಟ್ ಶಾಟ್. ಮೈದಾನದ ಹಾಕಿಯಿಂದ ಬಂದವರು ನಮ್ಮಲ್ಲಿ ಹೆಚ್ಚುಕಮ್ಮಿ ಎಲ್ಲರೂ ಹೀಗೇ. ಆದರೆ ಆ ಆಟ ಒಂದು ಗಂಟನ್ನೂ ಕಟ್ಟಿ ಕಳಿಸುತ್ತದೆ. ಅಲ್ಲಿ ಸ್ಟಿಕ್‌ನ ಒಂದೇ ಮುಖದಲ್ಲಿ ಆಡಬೇಕು, ಹಿಂಬದಿ ತಾಗಿದರೆ ಫೌಲ್. ವರ್ಷಗಟ್ಟಲೆ ಹಿಂಬದಿ ತಾಗಿಸಬಾರದು ಅಂತ ಬೈಸಿಕೊಂಡ ಕೈ ಅದು. ಐಸ್ ಹಾಕಿಯಲ್ಲೋ, ರೈಟ್ ಶಾಟ್ ಸೆಂಟರ್‌ಗೆ ಎಡಗಡೆಯವನಿಗೆ ಕೊಡೋದು ಮುಂಗೈ ಪಾಸ್, ಅಂದರೆ ಸ್ಟಿಕ್ ಕೆಳತುದಿಯ ಬ್ಲೇಡಿನ ಮುಂದಿನ ಮುಖದಿಂದ, ಬಲಗಡೆಯವನಿಗೆ ಕೊಡೋದು ಹಿಂಗೈ ಪಾಸ್, ಅದರ ಹಿಂದಿನ ಮುಖದಿಂದ. ಹಲ್ ಬಲಗಡೆ ಇದ್ದ, ನೀಲಿನೂ ಬಲಗಡೆ, ಬಾಂಡ್ರಾನೂ ಬಲಗಡೆ. ಓಟ್ಸ್ ಅನ್ನ ತಿಂದಿದ್ದೇ ಹಿಂಗೈಯಿಂದ.

ಹಾಗಾಗಿ ಹಿಂಗೈಗೆ ಒಂದು ಇಡೀ ಮಳೆಗಾಲ ಕೊಟ್ಟೆ. ಮಳೆಯಲ್ಲಿ ರಿಂಕ್ ಹೇಗೂ ಇರಲ್ಲ. ಮನೆ ಹತ್ತಿರದ ಗ್ರಾನೈಟ್ ಅಂಗಡಿಯಲ್ಲಿ ಅಡಿಗೆಮನೆ ಕಟ್ಟೆಗೆ ಕತ್ತರಿಸಿ ಉಳಿದ ಕರಿ ಗ್ರಾನೈಟ್ ತುಂಡು ಬಿದ್ದಿರುತ್ತವೆ, ಒಂದು ಉದ್ದನೆಯದು ಕೇಳಿದೆ. "ಸಿಂಕ್‌ಗೆ ತೂತು ಎಲ್ಲಿ ಹಾಕೋದು ಸಾರ್?" ಅಂದ ಅಂಗಡಿಯವನು. ತೂತು ಬೇಡಪ್ಪಾ, ಇದರ ಮೇಲೆ ಆಡಬೇಕು ಅಂದೆ. ಮುಂದೆ ಏನೂ ಕೇಳಲಿಲ್ಲ, ಆಟೋಗೆ ಎತ್ತಿಕೊಟ್ಟ. ತಾರಸಿಯ ಶೀಟ್ ಕೆಳಗೆ ಅದನ್ನು ಹಾಸಿ, ಪಾಲಿಶ್ ಮಾಡಿದ ಮುಖ ಮೇಲೆ, ಒಂದು ಚಿಟಿಕೆ ಟಾಲ್ಕಂ ಪೌಡರ್ ಉದುರಿಸಿದರೆ ರಬ್ಬರ್ ಪಕ್, ಅಂದರೆ ಚೆಂಡಿನ ಬದಲು ಬಳಸೋ ಚಪ್ಪಟೆ ಬಿಲ್ಲೆ, ಜುಯ್ ಅಂತ ಜಾರುತ್ತದೆ. ನಮಗೆ ಇದಕ್ಕಿಂತ ಹತ್ತಿರದ ಐಸ್ ಸಿಗಲ್ಲ. ಆ ಕಡೆ ಒಂದು ಖಾಲಿ ಪೇಂಟ್ ಡಬ್ಬ, ನಡುವೆ ಅಡ್ಡಕ್ಕೆ ಮಲಗಿಸಿದ ಕ್ರಿಕೆಟ್ ಬ್ಯಾಟ್. ಪಕ್ ಬ್ಯಾಟಿನ ಮೇಲಿಂದ ಹಾರಿ ಆ ಕಡೆ ಚಪ್ಪಟೆಯಾಗಿ ಇಳಿಯಬೇಕು. ಇದಕ್ಕೆ ಸಾಸರ್ ಪಾಸ್ ಅನ್ನುತ್ತಾರೆ, ಎದುರಾಳಿಯ ಸ್ಟಿಕ್ ಅಡ್ಡ ಇದ್ದಾಗ ಅದನ್ನು ದಾಟಿಸೋಕೆ.

ಹಿಂಗೈಯಲ್ಲಿ ಸಾಸರ್ ಮಾಡೋದು ಹೀಗೆ. ಪಕ್ ಬ್ಲೇಡಿನ ಹಿಮ್ಮಡಿ ಹತ್ತಿರ, ಅಂದರೆ ಬ್ಲೇಡ್ ಕೋಲಿಗೆ ಸೇರೋ ಕಡೆ ಇರಬೇಕು, ತುದಿಯಲ್ಲಲ್ಲ. ಮೇಲಿನ ಕೈ ಮೈಯಿಂದ ದೂರ ಇರಬೇಕು, ಹೊಟ್ಟೆಗೆ ಅಂಟಿಕೊಂಡರೆ ಸ್ಟಿಕ್ ತಿರುಗಲ್ಲ. ಆಮೇಲೆ ಹೊಡೆಯೋದಿಲ್ಲ, ಎಳೆದು ಉರುಳಿಸೋದು: ಪಕ್ ಹಿಮ್ಮಡಿಯಿಂದ ತುದಿಯ ಕಡೆ ಉರುಳುತ್ತಾ ಹೋಗಬೇಕು, ಆಗ ಅದಕ್ಕೆ ಸುತ್ತು ಬರುತ್ತದೆ, ಸುತ್ತು ಇದ್ದರೆ ಗಾಳಿಯಲ್ಲಿ ಚಪ್ಪಟೆಯಾಗೇ ಇರುತ್ತದೆ. ಸುತ್ತು ಇಲ್ಲದೆ ಎತ್ತಿದರೆ ಅಂಚಿನ ಮೇಲೆ ಬಿದ್ದು ಉರುಳಿಕೊಂಡು ಹೋಗುತ್ತದೆ, ತಗೊಳ್ಳೋನಿಗೆ ನರಕ. ಸದ್ದಿನಲ್ಲೇ ಗೊತ್ತಾಗುತ್ತದೆ. ಸರಿಯಾಗಿ ಇಳಿದರೆ ಒಂದೇ ಟಪ್, ಇಲ್ಲದಿದ್ದರೆ ಟಕಟಕಟಕ. ಕೆಳಗಿನ ಮನೆಯವರಿಗೂ ಗೊತ್ತಾಗುತ್ತಿತ್ತು ಅನ್ನೋದು ಬೇರೆ ಮಾತು. "ಭಾನುವಾರನೂ ಬಿಡಲ್ವಾ ಸಾರ್?" ಅಂತ ಆಂಟಿ ಮೆಟ್ಟಿಲ ಹತ್ತಿರ ಹಿಡಿದು ಕೇಳಿದ ಮೇಲೆ ಗ್ರಾನೈಟ್ ಕೆಳಗೆ ಹಳೇ ಹಾಸಿಗೆ ಹಾಕಿದೆ.

ಓಟ್ಸ್‌ನ ಸ್ಟಿಕ್ ಬಗ್ಗೆ ಒಂದು ಮಾತು. ಅವನ ಬ್ಲೇಡ್ ಗಿಡ್ಡ, ಬಾಗು ತೀರಾ ಕಮ್ಮಿ. ಈಗಿನ ಹುಡುಗರ ಬ್ಲೇಡ್‌ಗಳು ಒಳಕ್ಕೆ ಚೆನ್ನಾಗಿ ಬಾಗಿರುತ್ತವೆ, ಶಾಟ್‌ಗೆ ಅದು ಒಳ್ಳೆಯದು, ಹಿಂಗೈಗೆ ಶತ್ರು, ಯಾಕೆಂದರೆ ಹಿಂದಿನ ಮುಖ ಉಬ್ಬಿಕೊಂಡು ಪಕ್ ನಿಲ್ಲಲ್ಲ. ನಾನು ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಕ್ವಾಲಿಟಿ ನೋಡಿಕೊಳ್ಳೋನು, ಹ್ಯಾಕ್ಸಾ, ಅರ, ವರ್ನಿಯರ್ ಎಲ್ಲ ಕೈಗೆ ಸಿಗುತ್ತವೆ. ಹಳೇ ಮರದ ಸ್ಟಿಕ್ ಒಂದರ ಬ್ಲೇಡ್ ತುದಿಯನ್ನು ಒಂದು ಇಂಚು ಕತ್ತರಿಸಿ, ಮೂಲೆ ಉಜ್ಜಿ, ಟೇಪ್ ಸುತ್ತಿದೆ. ಗಿಡ್ಡ ಬ್ಲೇಡಿನಲ್ಲಿ ಪಕ್ ಎಲ್ಲಿದೆ ಅಂತ ನೋಡದೆಯೇ ತಿಳಿಯುತ್ತದೆ, ಅದು ಇರೋಕೆ ಇರೋದೇ ಒಂದು ಜಾಗ. ಕಾರ್ಬನ್ ಸ್ಟಿಕ್ ಮಾತ್ರ ಹೀಗೆ ಕತ್ತರಿಸೋಕೆ ಹೋಗಬೇಡಿ. ಆ ಧೂಳು ಶ್ವಾಸಕ್ಕೆ ಒಳ್ಳೆಯದಲ್ಲ, ಮೇಲಾಗಿ ದುಡ್ಡೂ ಹಾಳು.

ಇಷ್ಟೆಲ್ಲ ಕೈಯ ವಿಷಯ ಹೇಳಿದೆ, ಆದರೆ ನನ್ನನ್ನು ಕೇಳಿದರೆ ಪಾಸ್ ಕೊಡೋ ಆಟಗಾರನ ಅರ್ಧ ಕೆಲಸ ಪಕ್ ಕೈಗೆ ಬರುವ ಮುಂಚೆನೇ ಮುಗಿದಿರುತ್ತದೆ, ಉಳಿದರ್ಧ ಪಕ್ ಬಂದ ಮೇಲೆ ಏನೂ ಮಾಡದೆ ಇರೋದು.

ಮೊದಲರ್ಧ ಅಂದರೆ ತಲೆ ತಿರುಗಿಸೋದು. ಪಕ್ ನನ್ನ ಕಡೆ ಹೊರಟಿದೆ ಅಂದಾಗ ಎಲ್ಲರೂ ಅದನ್ನೇ ನೋಡುತ್ತಾರೆ. ಆ ಸಮಯದಲ್ಲಿ ಹೆಗಲ ಮೇಲಿಂದ ಒಂದು ಸಲ ಹಿಂದಕ್ಕೆ ನೋಡಬೇಕು. ಒಳ್ಳೆ ಬಿಎಂಟಿಸಿ ಕಂಡಕ್ಟರ್ ಒಬ್ಬನಿಗೆ ಚಿಲ್ಲರೆ ಕೊಡುತ್ತಲೇ ಮುಂದಿನ ಸ್ಟಾಪ್‌ನಲ್ಲಿ ಯಾರು ಇಳಿಯೋರು ಅಂತ ನೋಡಿಟ್ಟುಕೊಂಡಿರುತ್ತಾನಲ್ಲ, ಹಾಗೆ. ಓಟ್ಸ್ ವಿಡಿಯೋದಲ್ಲಿ ಪಕ್ ಬಿಟ್ಟು ಅವನ ಹೆಲ್ಮೆಟ್ ಮಾತ್ರ ನೋಡಿ. ಸುಮ್ನೆ ಹತ್ತು ನಿಮಿಷ ಅದನ್ನೇ ನೋಡಿ. ನಾನು ಮೆಟ್ರೋದಲ್ಲಿ ಕೂತು ಹಾಗೇ ನೋಡುತ್ತಿದ್ದೆ. ಲೈವ್ ಪಂದ್ಯಕ್ಕೂ ನಮ್ಮ ಟೈಮ್ ಪರವಾಗಿಲ್ಲ. ಚಳಿಗಾಲದಲ್ಲಿ ಅಮೆರಿಕದ ಪೂರ್ವದ ಊರುಗಳಲ್ಲಿ ಸಂಜೆ ಏಳಕ್ಕೆ ಶುರುವಾದರೆ ನಮಗೆ ಬೆಳಿಗ್ಗೆ ಐದೂವರೆ, ಪಶ್ಚಿಮದ್ದಾದರೆ ಎಂಟೂವರೆ. ಫಿಲ್ಟರ್ ಕಾಫಿ ಹಿಡಿದುಕೊಂಡು ನೋಡಬಹುದಾದ ಒಂದೇ ವಿದೇಶಿ ಲೀಗ್ ಇದು ಅನ್ನಿಸುತ್ತದೆ.

ಏನೂ ಮಾಡದೆ ಇರೋದು ಇನ್ನೂ ಕಷ್ಟ. ಇಬ್ಬರು ಹೋಗುತ್ತಿದ್ದೀವಿ, ಎದುರಿಗೆ ಡಿಫೆಂಡರ್ ಒಬ್ಬ, ಅವನ ಹಿಂದೆ ಗೋಲಿ, ಅಂದರೆ ಗೋಲ್ ಕೀಪರ್. ಎಲ್ಲರಿಗೂ ಪಾಸ್ ಬೇಗ ಕೊಟ್ಟುಬಿಡೋ ಆತುರ. ಬೇಗ ಕೊಟ್ಟರೆ ಡಿಫೆಂಡರ್ ಆರಾಮಾಗಿ ಆ ಕಡೆ ತಿರುಗುತ್ತಾನೆ, ಗೋಲಿನೂ ಜರುಗುತ್ತಾನೆ, ನನ್ನ ವಿಂಗರ್ ಇಬ್ಬರ ಮುಂದೆ ಒಂಟಿ. ನಾನು ನೋಡೋದು ಡಿಫೆಂಡರ್‌ನ ಮಂಡಿ. ಅವನು ನನ್ನ ಕಡೆ ಬರೋದಾದರೆ ಮೊದಲು ಒಂದು ಮಂಡಿ ಬಾಗುತ್ತದೆ, ಮೈಭಾರ ಅದರ ಮೇಲೆ ಹೋಗುತ್ತದೆ, ಆಮೇಲೆ ಸ್ಟಿಕ್ ಚಾಚುತ್ತಾನೆ. ಮಂಡಿ ಬಾಗೋವರೆಗೂ ನಾನು ಕೊಡೋದಿಲ್ಲ. ಕಣ್ಣು ಗೋಲಿ ಮೇಲೆ, ಶಾಟ್ ಹೊಡೆಯೋನ ಹಾಗೆ ಹೆಗಲು ಸ್ವಲ್ಪ ತಗ್ಗಿಸಿ, ಇನ್ನೊಂದು ತಳ್ಳು ಮುಂದೆ. ಬೆಂಚಿನಿಂದ "ಕೊಡು ಕೊಡು ಕೊಡು" ಅಂತ ಕಿರುಚುತ್ತಿರುತ್ತಾರೆ. ಮಂಡಿ ಬಾಗಿತು, ಆಗ ಕೊಟ್ಟೆ. ಅವನು ಹಿಂದಕ್ಕೆ ತಿರುಗೋಕೆ ಆಗಲ್ಲ, ಭಾರವೆಲ್ಲ ಈ ಕಾಲಿನ ಮೇಲಿದೆ. ಚಕ್ರದ ಮೇಲೆ ಇದು ಇನ್ನೂ ಜಾಸ್ತಿ ಕೆಲಸ ಮಾಡುತ್ತದೆ, ಐಸ್ ಮೇಲೆ ಶೂ ಬ್ಲೇಡ್ ಅಡ್ಡ ಹಾಕಿ ಸರಕ್ಕನೆ ನಿಲ್ಲಬಹುದು, ಚಕ್ರದಲ್ಲಿ ಅಷ್ಟು ಬೇಗ ನಿಲ್ಲೋಕೆ ಆಗಲ್ಲ.

ಪಕ್ ಇಟ್ಟುಕೊಂಡು ಕಾಯೋದರಲ್ಲಿ ಓಟ್ಸ್‌ಗಿಂತ ದೊಡ್ಡ ಪಾಠ ಜೋ ಥಾರ್ನ್‌ಟನ್, ಅವನೂ ಸೆಂಟರ್. ಆರಡಿ ನಾಲ್ಕಿಂಚು, ರಿಂಕ್ ಸುತ್ತಲಿನ ಗೋಡೆ ಪಕ್ಕ ಬೆನ್ನು ಕೊಟ್ಟು ನಿಂತರೆ ಪಕ್ ಕಿತ್ತುಕೊಳ್ಳೋಕೆ ಅವನ ಮೈ ಸುತ್ತಿ ಬರಬೇಕು. 1997ರ ಡ್ರಾಫ್ಟ್‌ನಲ್ಲಿ ಇವನೇ ಮೊದಲನೆಯವನು, ಅಂದರೆ ಓಟ್ಸ್‌ಗೆ ಪೂರ್ತಿ ಉಲ್ಟಾ. 2005ರ ನವೆಂಬರ್ 30ಕ್ಕೆ ಬಾಸ್ಟನ್‌ನವರು ಇವನನ್ನು ಸ್ಯಾನ್ ಹೋಸೆಗೆ ಕೊಟ್ಟುಬಿಟ್ಟರು. ಅಲ್ಲಿ ಜೊನಾಥನ್ ಚೀಚೂ ಅಂತ ಒಬ್ಬ ವಿಂಗರ್, ಕೆನಡಾದ ಒಂಟಾರಿಯೊದ ಉತ್ತರದ ಮೂಸ್ ಫ್ಯಾಕ್ಟರಿ ಅನ್ನೋ ಪುಟ್ಟ ಊರಿನವನು. ಅಲ್ಲಿವರೆಗೆ ಒಂದು ಸೀಸನ್‌ನಲ್ಲಿ ಅವನ ಅತಿ ಹೆಚ್ಚು ಗೋಲ್ 28. ಥಾರ್ನ್‌ಟನ್ ಬಂದ ಆ ಸೀಸನ್‌ನಲ್ಲಿ 56, ಇಡೀ ಲೀಗ್‌ಗೇ ಮೊದಲು. ಥಾರ್ನ್‌ಟನ್‌ಗೆ 96 ಅಸಿಸ್ಟ್, ಲೀಗ್‌ನ ಅತ್ಯುತ್ತಮ ಆಟಗಾರ ಅನ್ನೋ ಹಾರ್ಟ್ ಟ್ರೋಫಿ. ಇದರಲ್ಲಿ ಥಾರ್ನ್‌ಟನ್ ದೊಡ್ಡವನು ಅಂತ ಎಲ್ಲರೂ ಹೇಳುತ್ತಾರೆ, ಸರಿ. ನನಗೆ ಕಾಣೋದು ಚೀಚೂ. ಸ್ಟಿಕ್ ನೆಲಕ್ಕಿಟ್ಟು, ಪಾಸ್ ಬರುತ್ತದೆ ಅಂತ ನಂಬಿ, ಪ್ರತಿ ಸಲ ಅದೇ ಜಾಗಕ್ಕೆ ಹೋಗೋ ವಿಂಗರ್ ಸಿಗದಿದ್ದರೆ ಸೆಂಟರ್‌ನ ಕಣ್ಣು ಎಷ್ಟಿದ್ದರೇನು, ಪಕ್ ಗೋಡೆಗೆ ಹೋಗುತ್ತದೆ.

ನನ್ನ ಅದೃಷ್ಟಕ್ಕೆ ಅಂಥ ಒಬ್ಬ ಸಿಕ್ಕ, ಕೊಡಗಿನ ಹುಡುಗ. ಅವನೂ ಮೈದಾನದ ಹಾಕಿಯವನೇ. "ಅಣ್ಣಾ, ಕಾಲಿಗೆ ಕೊಡಬೇಡಿ, ಬ್ಲೇಡಿಗೆ ಕೊಡಿ, ನಾನು ಎಲ್ಲಿ ಇಟ್ಟಿದ್ದೀನೋ ಅಲ್ಲಿಗೆ" ಅಂತ ಮೊದಲನೇ ವಾರವೇ ಹೇಳಿದ. ಇದಕ್ಕಿಂತ ಉಪಯೋಗದ ಮಾತು ನನಗೆ ಯಾರೂ ಹೇಳಿಲ್ಲ. ಆಮೇಲೆ ಆಟ ಮುಗಿದ ಮೇಲೆ ದರ್ಶಿನಿಯಲ್ಲಿ ಇಡ್ಲಿ ವಡೆ ತಿನ್ನುತ್ತಾ ಅವನನ್ನು ಕೂರಿಸಿಕೊಂಡು ಕೇಳುತ್ತಿದ್ದೆ: ಓಡ್ತಾ ತಗೊಳ್ಳೋದು ಇಷ್ಟನಾ, ನಿಂತು ಹೊಡೆಯೋದಾ? ಮೇಲಿಂದ ಬಂದರೆ ತಗೋತೀಯಾ? ಗೋಲಿ ಎಡಗಡೆ ಬಿಟ್ಟಾಗ ಹೊಡೀತೀಯಾ, ಬಲಗಡೆನಾ? ನಾಲ್ವರು ನಾಲ್ವರು ಆಡೋ ಇನ್‌ಲೈನ್‌ನಲ್ಲಿ ಜಾಗ ಜಾಸ್ತಿ, ಐಸ್ ಹಾಕಿಯ ಹಾಗೆ ಪಕ್‌ಗಿಂತ ಮೊದಲು ನೀಲಿ ಗೆರೆ ದಾಟಬಾರದು ಅನ್ನೋ ಆಫ್‌ಸೈಡ್ ಕಾಟವೂ ಇಲ್ಲ, ಹಾಗಾಗಿ ಇಬ್ಬರು ಮಾತಾಡಿಕೊಂಡರೆ ಎದುರಾಳಿ ತಲೆ ಕೆಡಿಸಿಕೊಳ್ಳಬೇಕು, ಅಷ್ಟೇ.

ನಮ್ಮ ಸ್ಕೋರ್ ಬುಕ್ಕಿನಲ್ಲಿ ಅಸಿಸ್ಟ್ ಕಾಲಮ್ಮೇ ಇರಲಿಲ್ಲ. ಐಸ್ ಹಾಕಿಯಲ್ಲಿ ಒಂದು ಗೋಲ್‌ಗೆ ಇಬ್ಬರ ತನಕ ಅಸಿಸ್ಟ್ ಬರೆಯುತ್ತಾರೆ, ಕೊನೇ ಪಾಸ್ ಕೊಟ್ಟವನು, ಅವನಿಗೆ ಕೊಟ್ಟವನು, ಗೋಲ್‌ಗೂ ಒಂದೇ ಪಾಯಿಂಟ್, ಅಸಿಸ್ಟ್‌ಗೂ ಒಂದೇ ಪಾಯಿಂಟ್. ಪಟ್ಟು ಹಿಡಿದು ಅದನ್ನು ನಮ್ಮಲ್ಲೂ ಬರೆಸಿದೆ. ಮೊದಲು ಎಲ್ಲರೂ ನಕ್ಕರು. ಆಮೇಲೆ ಎರಡನೇ ಅಸಿಸ್ಟ್ ಯಾರದು ಅಂತ ಪ್ರತಿ ವಾರ ಜಗಳ, ಅದೂ ಎಂಥ ಜಗಳ ಅಂದರೆ ಗೋಲ್ ಹೊಡೆದವನನ್ನು ಯಾರೂ ಮಾತಾಡಿಸೋರಿಲ್ಲ! ಆದರೆ ಒಂದು ಒಳ್ಳೆಯದಾಯಿತು. ಪಾಸ್ ಜಾಸ್ತಿಯಾಯಿತು.

ಬದಲಾಗದ್ದು ಶಿಫ್ಟ್, ಅಂದರೆ ಒಬ್ಬ ಒಂದು ಸಲಕ್ಕೆ ರಿಂಕ್‌ನಲ್ಲಿ ಇರೋ ಹೊತ್ತು. ಪ್ರೊಫೆಷನಲ್ ಆಟಗಾರ ಮುಕ್ಕಾಲು ನಿಮಿಷ ಪೂರ್ತಿ ದಮ್ಮು ಕಟ್ಟಿ ಆಡಿ ಬೆಂಚಿಗೆ ಬರುತ್ತಾನೆ. ನಮ್ಮವರು ರಿಂಕ್ ಬಾಡಿಗೆಗೆ ದುಡ್ಡು ಹಾಕಿದ್ದೀನಿ ಅಂತ ಇಳಿಯೋದೇ ಇಲ್ಲ. ಮೂರನೇ ನಿಮಿಷಕ್ಕೆ ಎಲ್ಲರೂ ತೇಲಾಡುತ್ತಿರುತ್ತಾರೆ, ಆಗ ಎಂಥ ಪಾಸ್ ಕೊಟ್ಟರೂ ತಗೊಳ್ಳೋ ಕಾಲಿರಲ್ಲ. ಇದಕ್ಕೆ ನನ್ನ ಹತ್ತಿರ ಮದ್ದಿಲ್ಲ.

ರಿಂಕ್ ಬಗ್ಗೆಯೂ ಹೇಳಿಬಿಡುತ್ತೇನೆ. ನಾವು ಆಡೋದು ಮೇಲ್ಛಾವಣಿ ಇಲ್ಲದ ಸಿಮೆಂಟ್ ನೆಲ, ಸುತ್ತ ಟಬೆಬುಯಾ ಮರಗಳು. ಫೆಬ್ರವರಿ, ಮಾರ್ಚ್‌ನಲ್ಲಿ ಊರೆಲ್ಲ ಫೋಟೋ ತೆಗೆದು ಸಂಭ್ರಮ ಪಡುತ್ತಿದ್ದರೆ ನಾವು ಬೆಳಿಗ್ಗೆ ಪೊರಕೆ ಹಿಡಿದು ಹೂವು ಗುಡಿಸುತ್ತಿರುತ್ತೇವೆ. ಒಂದು ಒದ್ದೆ ಹೂವು ಸಾಕು, ಚಕ್ರ ಜಾರೋಕೆ. ಇನ್‌ಲೈನ್ ಪಕ್ ಹಗುರ ಪ್ಲಾಸ್ಟಿಕ್, ಎರಡೂ ಮುಖಕ್ಕೆ ಸಣ್ಣ ಗುಬುಟು ಇರುತ್ತವೆ ಜಾರಲಿ ಅಂತ. ಒರಟು ಸಿಮೆಂಟಿನಲ್ಲಿ ಅವು ಬೇಗ ಸವೆಯುತ್ತವೆ, ಸವೆದ ಪಕ್ ಪಲ್ಟಿ ಹೊಡೆಯುತ್ತದೆ. ಪಕ್ ಕೊಳ್ಳೋದರಲ್ಲಿ ಕಂಜೂಸಿ ಮಾಡಬೇಡಿ, ಹೊರಗಿನ ನೆಲಕ್ಕೆ ಗಟ್ಟಿ ಚಕ್ರ ಹಾಕಿ, ಒಳಗಿನ ಮೆತ್ತನೆ ಚಕ್ರ ಇಲ್ಲಿ ರಬ್ಬರ್ ಅಳಿಸಿದ ಹಾಗೆ ಉದುರಿಹೋಗುತ್ತದೆ.

ನಿಜವಾದ ಐಸ್ ಮೇಲೆ ಆಡಿದ್ದು ಲೇಹ್‌ನಲ್ಲಿ, ಜನವರಿಯಲ್ಲಿ. ಭಾರತದ ಐಸ್ ಹಾಕಿ ಅಂದರೆ ಲಡಾಖ್. ಸೇನೆಯ ತಂಡ, ಗಡಿ ಪೊಲೀಸರ ಐಟಿಬಿಪಿ ತಂಡ, ಹಳ್ಳಿ ಕೆರೆಗಳ ಮೇಲೆ ಕಲಿತ ಹುಡುಗ ಹುಡುಗಿಯರು. 2025ರಲ್ಲಿ ಯುಎಇಯಲ್ಲಿ ನಡೆದ ಏಷ್ಯಾ ಓಷಿಯಾನಿಯಾ ಕಪ್‌ನಲ್ಲಿ ಕಂಚು ಗೆದ್ದ ನಮ್ಮ ಮಹಿಳಾ ತಂಡದಲ್ಲಿ ಹೆಚ್ಚಿನವರು ಅಲ್ಲಿಯವರೇ. ಸುಮಾರು 3,500 ಮೀಟರ್ ಎತ್ತರ, ಮೊದಲೆರಡು ದಿನ ಮೆಟ್ಟಿಲು ಹತ್ತೋಕೇ ಉಸಿರು ಸಾಲಲ್ಲ. ಅಲ್ಲಿ ಗೊತ್ತಾಯಿತು ಶಿಫ್ಟ್ ಯಾಕೆ ಚಿಕ್ಕದು ಅಂತ, ಯಾರೂ ಹೇಳದೆಯೇ ಎಲ್ಲರೂ ಬೆಂಚಿಗೆ ಓಡುತ್ತಾರೆ. ಪಾಸ್ ವಿಷಯದಲ್ಲಿ ಗ್ರಾನೈಟ್ ಕೈಹಿಡಿಯಿತು. ಸಿಮೆಂಟಿನಲ್ಲಿ ಜೋರಾಗಿ ತಳ್ಳಬೇಕಾದ ದೂರಕ್ಕೆ ಅಲ್ಲಿ ಮುಟ್ಟಿದರೆ ಸಾಕು, ಆ ಮುಟ್ಟು ಕೈಗೆ ಆಗಲೇ ಗೊತ್ತಿತ್ತು. ಸ್ಕೇಟಿಂಗ್‌ನಲ್ಲಿ ಮಾತ್ರ ಲಡಾಖಿ ಸ್ಕೂಲ್ ಹುಡುಗಿಯರು ನನ್ನ ಸುತ್ತ ರಂಗೋಲಿ ಹಾಕಿದರು.

ಈಗಿನ ಸಮಾಚಾರ ಇಷ್ಟು. ಏಪ್ರಿಲ್ ಬಂದರೆ ನನ್ನ ಕೊಡಗಿನ ವಿಂಗರ್ ಊರಿಗೆ ಹೋಗುತ್ತಾನೆ, ಕೊಡವ ಕುಟುಂಬಗಳ ಹಾಕಿ ಹಬ್ಬ, ತನ್ನ ಒಕ್ಕದ, ಅಂದರೆ ಮನೆತನದ ಪರವಾಗಿ ಆಡಲೇಬೇಕು. 1997ರಲ್ಲಿ ಕರಡದಲ್ಲಿ ಶುರುವಾದ ಹಬ್ಬ ಅದು, ನೂರಾರು ಕುಟುಂಬಗಳು ಆಡುತ್ತವೆ, ಅದರ ಮುಂದೆ ನಮ್ಮ ಭಾನುವಾರದ ಪಂದ್ಯ ಯಾವ ಲೆಕ್ಕ. ಅವನ ಜಾಗಕ್ಕೆ ಈ ಸಲ ಕಾಲೇಜು ಹುಡುಗಿಯೊಬ್ಬಳು ಬಂದಿದ್ದಾಳೆ, ಸ್ಪೀಡ್ ಸ್ಕೇಟಿಂಗ್‌ನಿಂದ ಬಂದವಳು, ಲೆಫ್ಟ್ ಶಾಟ್. ಬಲಗಡೆ ಆಡೋ ಲೆಫ್ಟ್ ಶಾಟ್, ಬಾಂಡ್ರಾ ಹಾಗೆ. ಅವಳ ಬ್ಲೇಡ್ ಗೋಡೆ ಕಡೆ ಅಲ್ಲ, ನನ್ನ ಕಡೆ ಇರುತ್ತದೆ. ಪಾಸ್ ಅವಳ ಮೈ ದಾಟಿ ಹೋಗಬೇಕಿಲ್ಲ, ಅವಳ ಕಾಲಿಗಿಂತ ಒಂದು ಅಡಿ ಈಚೆ ಬಿದ್ದರೆ ನಿಲ್ಲಿಸದೆ ನೇರ ಹೊಡೆದುಬಿಡುತ್ತಾಳೆ. ವೇಗ ವಿಪರೀತ, ನಾನು ಡಿಫೆಂಡರ್‌ನ ಮಂಡಿ ಬಾಗಲಿ ಅಂತ ಕಾಯುತ್ತಿದ್ದರೆ ಅವಳು ಆಗಲೇ ಗೋಲ್ ದಾಟಿ ಹಿಂದಕ್ಕೆ ಹೋಗಿರುತ್ತಾಳೆ. "ಅಂಕಲ್, ಇಷ್ಟೊತ್ತು ಯಾಕೆ ಇಟ್ಕೊಂಡಿರ್ತೀರಾ?" ಅಂತಾಳೆ. ಅಣ್ಣ ಅಲ್ಲ, ಅಂಕಲ್. ನಿಧಾನಕ್ಕೆ ಬಾ ಅಂತ ನಾನು, ಬೇಗ ಕೊಡಿ ಅಂತ ಅವಳು. ಸದ್ಯಕ್ಕೆ ಅವಳು ಗೋಲಿನ ಹಿಂದಿನಿಂದ ಒಂದು ಸುತ್ತು ಹಾಕಿಕೊಂಡು ಎರಡನೇ ಸಲ ಬರಬೇಕು, ಆಗ ನಾನು ಕೊಡಬೇಕು ಅಂತ ಒಪ್ಪಂದ ಆಗಿದೆ.